ಎಡಕ್ಕೆ ಎಂದ ಧರ್ಣಪ್ಪ

ಕನ್ಯಾನದಿಂದ ವಿಟ್ಲದವರೆಗೆ ಯಾವ ಗುಡ್ಡದ ಬುಡದಲ್ಲಿ ನಿಂತು ಕೇಳಿದರೂ ಒಂದು ಕಾಲದಲ್ಲಿ ಜನ ಒಂದೇ ಮಾತು ಹೇಳುತ್ತಿದ್ದರು: ನೀರು ಬೇಕಾದರೆ ಧರ್ಣಪ್ಪನನ್ನು ಕರೆಸಿ. ಬೋರ್‌ವೆಲ್ ಲಾರಿಗಳು ನಮ್ಮ ಮಣ್ಣು ರಸ್ತೆಗಳಿಗೆ ಇಳಿಯುವ ಮೊದಲಿನ ಮಾತು ಇದು. ಆ ಕಡೆ ಬಾವಿ ತೋಡಿದರೆ ಪಾದೆ, ಅಂದರೆ ಹಾಸುಬಂಡೆ ಸಿಗುತ್ತದೆ, ನೀರು ಸಿಗುವುದಿಲ್ಲ. ಹಾಗಾಗಿ ಜನ ನೆಲವನ್ನು ಕೆಳಕ್ಕೆ ಅಗೆಯುವ ಬದಲು ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಿದ್ದರು. ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಮೂವತ್ತೋ ನಲವತ್ತೋ ಕೋಲು ಒಳಕ್ಕೆ ಹೋದಾಗ ನೀರಿನ ಒರತೆ ಸಿಕ್ಕಿ, ತಾನಾಗಿಯೇ ಹರಿದು ಹಿತ್ತಿಲಿಗೆ ಬರುತ್ತದೆ. ಕೋಲು ಎಂದರೆ ಎರಡೂವರೆ ಅಡಿ. ಪಂಪು ಬೇಡ, ಕರೆಂಟು ಬೇಡ, ಹಗ್ಗ ರಾಟೆ ಬೇಡ. ಇದಕ್ಕೆ ಸುರಂಗ ಎಂದು ಹೆಸರು. ಧರ್ಣಪ್ಪ ಅಂಥ ನಲವತ್ತಮೂರು ಸುರಂಗ ತೋಡಿದವನು.

ಕೆಲಸ ಬಲ್ಲವನಿಗೆ ಇರುವ ಜಂಬ ಅವನಿಗೂ ಇತ್ತು. ಇರಬಾರದೆಂದು ಯಾರೂ ಹೇಳುತ್ತಿರಲಿಲ್ಲ. ಬೇಸಿಗೆಯಲ್ಲೂ ಯಾವ ಮರ ಹಸಿರಾಗಿದೆ, ಹುತ್ತ ಎಲ್ಲಿ ಎದ್ದಿದೆ ಎಂದು ಗುಡ್ಡವನ್ನು ಅರ್ಧ ದಿನ ಸುತ್ತಿ, ಸುರಂಗದ ಬಾಯಿ ಎಲ್ಲಿ ತೆಗೆಯಬೇಕೆಂದು ಹೇಳುತ್ತಿದ್ದ. ಒಳಗೆ ಮೇಣದಬತ್ತಿ ಹಚ್ಚಿಟ್ಟು, ಅದು ಕುಂದಿದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದ. ಮಣ್ಣನ್ನು ಮೂಸಿ, ಒಮ್ಮೊಮ್ಮೆ ನಾಲಗೆಯ ತುದಿಗೂ ಇಟ್ಟು, "ಇನ್ನು ಆರು ಕೋಲು" ಎನ್ನುತ್ತಿದ್ದ. ಆರೇ ಆಗುತ್ತಿತ್ತು.

ಇದು ಒಬ್ಬನ ಕೆಲಸವಲ್ಲ. ಒಳಗೆ ಪಿಕ್ಕಾಸು ಹಿಡಿದು ಧರ್ಣಪ್ಪ. ಅವನ ಹಿಂದೆ, ಅಡಿಕೆ ಹಾಳೆಯಲ್ಲಿ ಮಣ್ಣು ತುಂಬಿ ಬಾಯಿಯವರೆಗೆ ಎಳೆದು ತರುವುದು ಹೆಂಡತಿ ಪದ್ಮಾಕ್ಷಿ. ಹೊರಗೆ ನಿಂತು ಆ ಮಣ್ಣನ್ನು ಚೆಲ್ಲುವುದು ಮತ್ತು ಕನ್ನಡಿ ಹಿಡಿಯುವುದು ಚಿನ್ನಯ್ಯ. ಕನ್ನಡಿಯ ಕೆಲಸ ಸಣ್ಣದಲ್ಲ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಕ್ಕೆ ತಿರುಗಿಸಬೇಕು, ಸೂರ್ಯ ಸರಿದ ಹಾಗೆ ಕೈಯೂ ಸರಿಯಬೇಕು, ಆಗ ಇಪ್ಪತ್ತು ಕೋಲು ಒಳಗೂ ಹಗಲಾಗುತ್ತದೆ. ಧರ್ಣಪ್ಪನಿಗಿಂತ ಆರು ವರ್ಷ ಚಿಕ್ಕವನಾದ ಚಿನ್ನಯ್ಯ ಕ್ಷೌರದಂಗಡಿಯಿಂದ ಕೇಳಿ ತಂದ, ಒಂದು ಮೂಲೆ ಒಡೆದ ಕನ್ನಡಿಯನ್ನು ಎಷ್ಟು ಚೆಂದ ಹಿಡಿಯುತ್ತಿದ್ದನೆಂದರೆ, ಪಿಕ್ಕಾಸು ಬೀಳುವ ಜಾಗದಲ್ಲಿ ಧರ್ಣಪ್ಪನ ನೆರಳೇ ಬೀಳುತ್ತಿರಲಿಲ್ಲ. ಇದನ್ನು ಧರ್ಣಪ್ಪ ಬಲ್ಲ. ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ.

ಚಿನ್ನಯ್ಯನಿಗೆ ಇನ್ನೊಂದು ಚಟವಿತ್ತು. ಪ್ರತಿ ಸುರಂಗ ಮುಗಿದಾಗಲೂ ಅವನು ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿ ಅದರ ನಕ್ಷೆ ಬರೆಯುತ್ತಿದ್ದ. ಬಾಯಿ ಎಲ್ಲಿ, ನೇರ ಎಷ್ಟು ಕೋಲು, ತಿರುವು ಯಾವ ಕಡೆ, ಒರತೆ ಎಲ್ಲಿ. ಕನ್ನಡಿಯ ಬೆಳಕು ತಿರುವಿನವರೆಗೆ ಮಾತ್ರ ಹೋಗುತ್ತದೆ, ಆಮೇಲೆ ಮೇಣದಬತ್ತಿಯ ರಾಜ್ಯ. ಆದ್ದರಿಂದ ತಿರುವಿನ ಆಚೆಯದನ್ನು ಅವನು ಧರ್ಣಪ್ಪನ ಬಾಯಿಂದಲೇ ಕೇಳಿ ಬರೆಯಬೇಕು. ಒಳಗೆ ಹೋಗಿ ನೋಡುವ ಹಾಗಿರಲಿಲ್ಲ. ನೀರು ಬಂದ ಮೇಲೆ ತೋಡಿದವರಲ್ಲದೆ ಬೇರೆ ಯಾರೂ ಸುರಂಗ ಹೊಗಬಾರದು, ಒರತೆ ಮುನಿಯುತ್ತದೆ ಎಂದು ಊರಲ್ಲೆಲ್ಲ ನಂಬಿಕೆ. ಆ ನಂಬಿಕೆಯನ್ನು ಊರಿಗೆ ಹಂಚಿದವನು ಧರ್ಣಪ್ಪನೇ ಎಂಬುದು ಪದ್ಮಾಕ್ಷಿಗೆ ಗೊತ್ತಿತ್ತು.

ತೊಂಬತ್ತೆರಡನೇ ಇಸವಿಯ ಏಪ್ರಿಲಿನಲ್ಲಿ ಜೈನಬಮ್ಮನವರ ಹಿತ್ತಿಲಲ್ಲಿ ತೋಡಿದ ಸುರಂಗ ಧರ್ಣಪ್ಪನ ಜೀವಮಾನದ ಕೆಲಸ. ಇಪ್ಪತ್ತೆರಡು ಕೋಲು ನೇರ ಹೋದ ಮೇಲೆ ಪಾದೆ ಅಡ್ಡ ಬಂತು. ಬೇರೆಯವರಾದರೆ ಕೈ ಚೆಲ್ಲುತ್ತಿದ್ದರು. ಧರ್ಣಪ್ಪ ಎರಡು ದಿನ ಆ ಬಂಡೆಯ ಮುಂದೆ ಕೂತು, ಅದರ ಬಲಗಡೆಯ ಅಂಚಿನಲ್ಲಿ ಬಿಳಿ ಶೇಡಿಮಣ್ಣಿನ ಒಂದು ಪಟ್ಟಿ ಒದ್ದೆಯಾಗಿರುವುದನ್ನು ಕಂಡುಹಿಡಿದು, ಬಲಕ್ಕೆ ತಿರುಗಿ ಮತ್ತೆ ಹದಿನೆಂಟು ಕೋಲು ಹೋದ. ಕೊನೆಯ ಪೆಟ್ಟಿಗೆ ಹೆಬ್ಬೆರಳು ಗಾತ್ರದ ನೀರು ಅವನ ಎದೆಗೇ ಹಾರಿತು. ಅವನು ಒಳಗಿನಿಂದ ಕೂಗಿದ್ದು ಮೇಲಿನ ಗದ್ದೆಯವರೆಗೆ ಕೇಳಿಸಿತಂತೆ.

ಹೊರಗೆ ಬಂದಾಗ ಮನೆಯವರು, ನೆರೆಯವರು ಎಲ್ಲ ಸೇರಿದ್ದರು. ಜೈನಬಮ್ಮನವರ ಗಂಡ ಆಗ ಇದ್ದರು, ಒಳ್ಳೆಯ ಮನುಷ್ಯ. ಅವರು ಕೆಸರು ಮೆತ್ತಿದ ಧರ್ಣಪ್ಪನ ಕೈ ಹಿಡಿದುಕೊಂಡರು, ಅಷ್ಟರಲ್ಲಿ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಚಿನ್ನಯ್ಯನ ಬೆನ್ನು ತಟ್ಟಿ, "ಇವ ಭಾರಿ ಚುರುಕು ಮಾರಾಯ. ಎರಡು ವರ್ಷ ಹೋಗ್ಲಿ, ಧರ್ಣಪ್ಪನನ್ನು ಮನೆಯಲ್ಲಿ ಕೂರಿಸ್ತಾನೆ ನೋಡು" ಎಂದು ನಕ್ಕರು. ಎಲ್ಲರೂ ನಕ್ಕರು. ಧರ್ಣಪ್ಪನೂ ಹಲ್ಲು ತೋರಿಸಿದ.

ಒಳಗೆ ಮಾತ್ರ ಹೊಟ್ಟೆ ಉರಿಯಿತು. ನಲವತ್ತು ಕೋಲು ಮೊಣಕಾಲೂರಿ ಹೋದವನು ನಾನು, ಬಿಸಿಲಿಗೆ ಕನ್ನಡಿ ಹಿಡಿದವನಿಗೆ ಶಹಭಾಸ್‌ಗಿರಿ! ಆ ಹೊತ್ತಿಗೆ ಸರಿಯಾಗಿ ಚಿನ್ನಯ್ಯ ಪೆನ್ಸಿಲು ಕಿವಿಯಿಂದ ತೆಗೆದು ಹತ್ತಿರ ಬಂದ.

"ಧರ್ಣಪ್ಪಣ್ಣ, ತಿರುವು ಯಾವ ಕಡೆಗೆ?"

"ಎಡಕ್ಕೆ," ಎಂದ ಧರ್ಣಪ್ಪ.

ಪದ್ಮಾಕ್ಷಿ ಅಡಿಕೆ ಹಾಳೆ ತೊಳೆಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಅವಳು ಆ ಬಲ ತಿರುವಿನಲ್ಲಿ ನೂರಾರು ಸಲ ಮಣ್ಣು ಎಳೆದವಳು. ಗಂಡ ಅವಳ ಕಡೆ ನೋಡಲಿಲ್ಲ. ಅವಳು ಮತ್ತೆ ಹಾಳೆಗೆ ಕೈ ಹಾಕಿದಳು. ಇದು ಗಂಡಸರ ಪೈಪೋಟಿಯ ಯಾವುದೋ ಚಿಲ್ಲರೆ ಎಂದುಕೊಂಡಳು.

ಮೂರ್ನಾಲ್ಕು ವರ್ಷಗಳಲ್ಲಿ ಗುಡ್ಡಗಳ ಮೇಲೆ ಬೋರಿನ ಸದ್ದು ಶುರುವಾಯಿತು. ತಿಂಗಳುಗಟ್ಟಲೆ ತೋಡುವ ತಾಳ್ಮೆ ಯಾರಿಗಿದೆ? ಲಾರಿ ಬೆಳಿಗ್ಗೆ ಬಂದರೆ ಸಂಜೆಗೆ ನೀರು. ಧರ್ಣಪ್ಪನ ಅಂಗಳಕ್ಕೆ ಬರುವವರು ಕಡಿಮೆಯಾದರು, ಆಮೇಲೆ ಹಳೆಯ ಸುರಂಗದ ಕೆಸರು ತೆಗೆಸಲು ಮಾತ್ರ ಬಂದರು. ಚಿನ್ನಯ್ಯ ಒಂದು ದಿನ ಬಂದು, ತಲೆ ತಗ್ಗಿಸಿಕೊಂಡೇ, ತಾನು ಬೋರ್ ಲಾರಿಯವರ ಜೊತೆ ಸೇರುತ್ತಿದ್ದೇನೆ ಎಂದ. ನೀರಿನ ಜಾಗ ತೋರಿಸುವ ಕೆಲಸ, ಪಾಯಿಂಟ್ ಹಾಕುವುದು ಎನ್ನುತ್ತಾರೆ.

"ನೀವೂ ಬನ್ನಿ ಧರ್ಣಪ್ಪಣ್ಣ, ಒಟ್ಟಿಗೆ ಮಾಡುವ. ನಿಮ್ಮಷ್ಟು ನೆಲ ಗೊತ್ತಿರುವವರು ಯಾರುಂಟು?"

"ನಾನು ಭೂಮಿಗೆ ಸೂಜಿ ಚುಚ್ಚುವ ಡಾಕ್ಟರಲ್ಲ," ಎಂದ ಧರ್ಣಪ್ಪ. ಮಾತು ಚೆನ್ನಾಗಿತ್ತು. ಹೇಳಿ ಮುಗಿಸಿದ ಮೇಲೆ ಅವನಿಗೆ ಪಶ್ಚಾತ್ತಾಪವಾದದ್ದು ಬೇರೆ ವಿಷಯ.

ಚಿನ್ನಯ್ಯನ ಪಾಯಿಂಟುಗಳು ಹುಸಿ ಹೋಗಲಿಲ್ಲ. ಮೊದಲು ಕನ್ಯಾನ, ಆಮೇಲೆ ಕಲ್ಲಡ್ಕ, ಆಮೇಲೆ ಬೆಳ್ತಂಗಡಿ ದಾಟಿ ಮುಂಡಾಜೆ, ಅತ್ತ ಮೂಡುಬಿದಿರೆಯಿಂದಲೂ ಕರೆ ಬರತೊಡಗಿತು. ಬೈಕು ಬಂತು. ಹಂಚಿನ ಮನೆ ಇದ್ದಲ್ಲಿ ತಾರಸಿ ಮನೆ ಎದ್ದಿತು. ಧರ್ಣಪ್ಪ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಾ, ಏರಿನಲ್ಲಿ ಬೈಕು ಗೇರು ಬದಲಿಸುವ ಸದ್ದಿನಿಂದಲೇ ಅದು ಚಿನ್ನಯ್ಯನದೋ ಬೇರೆಯವರದೋ ಹೇಳುತ್ತಿದ್ದ. ಒಂದು ಕಾಲದಲ್ಲಿ ಮಣ್ಣಿನ ಸದ್ದು ತಿಳಿಯುತ್ತಿದ್ದ ಕಿವಿ ಅದು.

ಚಿನ್ನಯ್ಯ ಕಾರ್ಡು ಮಾಡಿಸಿದ. "ಚಿನ್ನಯ್ಯ ಕೆ., ಜಲ ಸಲಹೆಗಾರರು" ಎಂದು ನೀಲಿ ಅಕ್ಷರ, ಮೂಲೆಯಲ್ಲಿ ಒಂದು ನೀರಿನ ಹನಿ. ಮೊದಲ ಕಾರ್ಡನ್ನೇ ತಂದು ಧರ್ಣಪ್ಪನ ಕೈಗೆ ಕೊಟ್ಟ. ಅಂದು ಪದ್ಮಾಕ್ಷಿ ನೆಂಟರಿಗೆಂದು ಎತ್ತಿಟ್ಟಿದ್ದ ಸ್ಟೀಲಿನ ಲೋಟದಲ್ಲಿ ಅವನಿಗೆ ಚಹಾ ಕೊಟ್ಟದ್ದನ್ನು ಧರ್ಣಪ್ಪ ವಾರಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ. ಕಾರ್ಡನ್ನು ಒಲೆಗೆ ಹಾಕುತ್ತೇನೆಂದು ಹೇಳಿ, ತನ್ನ ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಗೆ ಇಟ್ಟ. ಆಗಾಗ ತೆಗೆದು ಓದುತ್ತಿದ್ದ. ಸಲಹೆಗಾರರು! ಆ ಗೌರವದ "ರು" ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ನಿಜ ಹೇಳಬೇಕೆಂದರೆ, ಬೋರುಗಳ ಬಗ್ಗೆ ಧರ್ಣಪ್ಪ ಹೇಳುತ್ತಿದ್ದ ಮಾತಿನಲ್ಲಿ ತಪ್ಪಿರಲಿಲ್ಲ. ಗುಡ್ಡದ ತಲೆಯಲ್ಲಿ ಮುನ್ನೂರು ನಾನೂರು ಅಡಿ ತೂತು ಕೊರೆದರೆ ಬುಡದ ಸುರಂಗಗಳು ಸೊರಗುತ್ತವೆ. ಅವನೇ ತೋಡಿದವುಗಳಲ್ಲಿ ಆರು ಆಗಲೇ ಒಣಗಿದ್ದವು. ಆದರೆ ಅದನ್ನು ಹೇಳುವಾಗ ಅವನ ದನಿಯಲ್ಲಿ ನೀರಿನ ಚಿಂತೆಗಿಂತ ಚಿನ್ನಯ್ಯನ ಬೈಕೇ ಹೆಚ್ಚು ಕೇಳಿಸುತ್ತಿತ್ತು. ಜನ ಕಿವುಡರಲ್ಲ.

ಎರಡು ಸಾವಿರದ ಮೂರರ ಜನವರಿಯಲ್ಲಿ ಶಾಲೆಯ ಹಾಲಿನಲ್ಲಿ ನೀರಿನ ಬಗ್ಗೆ ಒಂದು ಸಭೆ ನಡೆಯಿತು. ಮಾಡಿಸಿದವರು ಗಣೇಶಪ್ರಸಾದ್ ಮಾಸ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು, ಪರಿಸರ ಸಮಿತಿಯ ಅಧ್ಯಕ್ಷರು, ಒಳ್ಳೆಯ ಮಾತುಗಾರರು. ಭೂಮಿಯೊಳಗಿನ ನೀರು ನಮ್ಮ ಮಕ್ಕಳ ಪಾಲು, ಅದನ್ನು ನಾವೇ ಕುಡಿದು ಮುಗಿಸಬಾರದು ಎಂದು ಮುಕ್ಕಾಲು ಗಂಟೆ ಹೇಳಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಜೈನಬಮ್ಮನವರ ಮಗ ಅಬ್ದುಲ್ ನಾಸಿರ್ ಎದ್ದು ನಿಂತ. ಸೌದಿಯಿಂದ ರಜೆಯಲ್ಲಿ ಬಂದಿದ್ದ.

"ಮಾಸ್ಟ್ರು ಹೇಳಿದ್ದು ಸರಿ ಉಂಟು. ಆದರೆ ಊರು ಮುಂದೆ ಹೋಗುವುದು ಬೇಡವಾ? ತೋಟ ಆಗಬೇಕು, ನಾಲ್ಕು ಜನರಿಗೆ ಕೆಲಸ ಆಗಬೇಕು. ನೀರಿಲ್ಲದೆ ಎಂತ ಮಾಡುವುದು? ನಮ್ಮ ಉಮ್ಮನಿಗೂ ಒಂದು ಬೋರ್ ಹಾಕಿಸಿ ಕೊಡ್ತೇನೆ ಅಂದರೆ ಅವರು ಒಪ್ಪುವುದಿಲ್ಲ, ಸುರಂಗದ ನೀರೇ ಆಗಬೇಕಂತೆ."

ಅದಕ್ಕೂ ಅಷ್ಟೇ ಚಪ್ಪಾಳೆ ಬಿತ್ತು. ನಮ್ಮ ಜನ ಚಪ್ಪಾಳೆಯಲ್ಲಿ ಪಕ್ಷಪಾತ ಮಾಡುವವರಲ್ಲ.

ಆಗ ಧರ್ಣಪ್ಪ ಎದ್ದ. "ಬೋರ್ ಹಾಕಿದರೆ ಸುರಂಗ ಒಣಗ್ತದೆ. ಒಣಗಿದ ಮೇಲೆ ಯಾವ ಸಲಹೆಗಾರ ಬಂದರೂ ನೀರು ಬರುವುದಿಲ್ಲ. ನಿನ್ನೆ ಮೊನ್ನೆಯವರೆಗೆ ಮಣ್ಣು ಚೆಲ್ಲುತ್ತಿದ್ದವರೆಲ್ಲ ಈಗ ತಜ್ಞರಾಗಿದ್ದಾರೆ..."

ಹಿಂದಿನ ಬೆಂಚಿನಿಂದ ಯಾರೋ, "ಧರ್ಣಪ್ಪನಿಗೆ ಹೊಟ್ಟೆಕಿಚ್ಚು ಮಾರಾಯ, ನೀರು ಹಾಕಿ!" ಎಂದರು. ಇಡೀ ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಚಿನ್ನಯ್ಯ ಮಾತ್ರ ನಗಲಿಲ್ಲ, ಹಿಂದೆ ತಿರುಗಿ ನಕ್ಕವರನ್ನು ಗದರಿಸಿದ. ಧರ್ಣಪ್ಪನಿಗೆ ಆ ನಗೆಗಿಂತ ಈ ಉಪಕಾರವೇ ಹೆಚ್ಚು ಉರಿಯಿತು. ಸಭೆ ಮುಗಿದು ಚಹಾ ಅವಲಕ್ಕಿಯ ಹೊತ್ತಿಗೆ, ಅದುವರೆಗೆ ಮಾಸ್ಟ್ರಿಗೆ ಚಪ್ಪಾಳೆ ತಟ್ಟಿದವರಲ್ಲಿ ಏಳೆಂಟು ಜನ ಚಿನ್ನಯ್ಯನನ್ನು ಸುತ್ತುಗಟ್ಟಿ ಕಾರ್ಡು ಕೇಳುತ್ತಿದ್ದರು.

ಮಾರ್ಚಿನಲ್ಲಿ ಸ್ವತಃ ಗಣೇಶಪ್ರಸಾದ್ ಮಾಸ್ಟ್ರೇ ಚಿನ್ನಯ್ಯನಿಗೆ ಹೇಳಿಕಳಿಸಿದರು. ಜೈನಬಮ್ಮನವರ ಹಿತ್ತಿಲ ಮೇಲಿನ ಗುಡ್ಡ ಅವರದು. ಗೇರು ಮರ ಕಡಿಸಿ, ಜೆಸಿಬಿಯಿಂದ ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿಸಿ, ಅಡಿಕೆ ಸಸಿ ಇಟ್ಟಿದ್ದರು. ಸಸಿಗಳು ಬಿಸಿಲಿಗೆ ಬಾಡುತ್ತಿದ್ದವು. ಪರಿಸರದ ಬಗ್ಗೆ ಅವರ ಮಾತು ಸುಳ್ಳಾಗಿರಲಿಲ್ಲ. ಸಸಿ ಬಾಡುವುದನ್ನು ಕಂಡಾಗ ಆದ ಸಂಕಟವೂ ಸುಳ್ಳಲ್ಲ. ನಮ್ಮಲ್ಲಿ ಎಷ್ಟೋ ಜನ ಈ ಎರಡನ್ನೂ ಒಂದೇ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇವೆ.

ಪಾಯಿಂಟ್ ಹಾಕುವ ದಿನ ಧರ್ಣಪ್ಪ ಸೌದೆ ತರುವ ನೆಪದಲ್ಲಿ ಗುಡ್ಡಕ್ಕೆ ಹೋದ. ಚಿನ್ನಯ್ಯ ಕಂಕುಳಲ್ಲಿ ಹಳೆಯದೊಂದು ಪುಸ್ತಕ ಇರುಕಿಸಿಕೊಂಡು ನಿಂತಿದ್ದ. ಅಂಚು ಹರಿದಿತ್ತು, ರಟ್ಟಿಗೆ ಬೈಂಡು ಹಾಕಿಸಿದ್ದ. ಧರ್ಣಪ್ಪ ಅದನ್ನು ಕಂಡ ಕೂಡಲೇ ಗುರುತು ಹಿಡಿದ.

"ಬನ್ನಿ ಧರ್ಣಪ್ಪಣ್ಣ, ಒಳ್ಳೆ ಹೊತ್ತಿಗೆ ಬಂದಿರಿ," ಎಂದ ಚಿನ್ನಯ್ಯ. "ಮಾಸ್ಟ್ರೇ, ನಾನು ಎಲ್ಲಿ ಪಾಯಿಂಟ್ ಹಾಕುವುದಿದ್ದರೂ ಮೊದಲು ಇದನ್ನು ನೋಡ್ತೇನೆ. ಇವರು ತೋಡಿದ ಸುರಂಗ ಎಲ್ಲೆಲ್ಲಿ ಉಂಟು ಅಂತ ಇದರಲ್ಲಿ ಉಂಟು. ಅದಕ್ಕೆ ತಾಗದ ಹಾಗೆ ದೂರ ಹಾಕುವುದು. ಜೈನಬಮ್ಮನವರದ್ದು ನೋಡಿ, ಕೆಳಗಿನಿಂದ ನೇರ ಬಂದು ಎಡಕ್ಕೆ ತಿರುಗಿದೆ. ಹಾಗಾಗಿ ನಾವು ಬಲಕ್ಕೆ, ಆದಷ್ಟು ಆಚೆಗೆ ಸರಿಯುವ."

ಅವನು ಕೋಲಿನಿಂದ ಅಳೆಯುತ್ತಾ ಬಲಕ್ಕೆ ನಡೆದ. ಧರ್ಣಪ್ಪನಿಗೆ ಅಳೆಯುವ ಕೋಲು ಬೇಕಿರಲಿಲ್ಲ. ಕಾಲಿನ ಅಡಿಗೆ, ಅರುವತ್ತು ಎಪ್ಪತ್ತು ಅಡಿ ಕೆಳಗೆ, ತಾನು ಮೊಣಕಾಲೂರಿ ಹೋದ ದಾರಿ ಅವನಿಗೆ ಅಂಗೈಯಷ್ಟು ಸ್ಪಷ್ಟವಾಗಿತ್ತು. ಚಿನ್ನಯ್ಯ ಗೂಟ ಹೊಡೆದದ್ದು ಸುರಂಗದ ತುದಿಗೆ, ಎದೆಗೆ ನೀರು ಹಾರಿದ ಆ ಒರತೆಯ ನೆತ್ತಿಗೆ.

ಒಂದು ಮಾತು ಸಾಕಿತ್ತು. ಚಿನ್ನಯ್ಯ, ಅದು ಬಲಕ್ಕೆ. ಆದರೆ ಅದನ್ನು ಹೇಳಿದರೆ ಹನ್ನೊಂದು ವರ್ಷದ ಹಿಂದೆ ಎಡಕ್ಕೆ ಎಂದದ್ದು ಯಾಕೆ ಎಂದು ಮಾಸ್ಟ್ರ ಮುಂದೆಯೇ ಹೇಳಬೇಕಾಗುತ್ತದೆ. ಅದೂ ಇರಲಿ. ಒಳಗೆ ಇನ್ನೊಂದು ಆಸೆ ಎದ್ದು ಕೂತಿತ್ತು: ಬೀಳಲಿ ಇವನು. ಒಂದು ಸಲವಾದರೂ ಜಲ ಸಲಹೆಗಾರರು ಎಲ್ಲರ ಮುಂದೆ ಮುಗ್ಗರಿಸಲಿ. ಧರ್ಣಪ್ಪ ಹೇಳಿದ್ದು ನಿಜವಾಗಿತ್ತು ಎಂದು ಊರು ಹೇಳಲಿ.

"ಬೋರ್ ಹಾಕುವುದು ಒಳ್ಳೆಯದಲ್ಲ ಮಾಸ್ಟ್ರೇ," ಎಂದಷ್ಟೇ ಹೇಳಿದ. ಅದನ್ನು ಅವನು ಹೇಳಿಯೇ ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ಟ್ರು ಸಂಕೋಚದಿಂದ ನಕ್ಕರು.

ಸಂಜೆ ಪದ್ಮಾಕ್ಷಿ ವಿಷಯ ತಿಳಿದು ಗಾಬರಿಯಾದಳು. "ಆ ಸುರಂಗ ಬಲಕ್ಕಲ್ಲವಾ ಹೋದದ್ದು? ಚಿನ್ನಯ್ಯನಿಗೆ ಅಂದು ನೀವು ಎಡ ಅಂದಿದ್ದಿರಿ. ಈಗಲಾದರೂ ಹೇಳಿ. ಜೈನಬಮ್ಮನ ನೀರಿನ ವಿಷಯ ಅದು."

"ಹೇಳಿದೆ," ಎಂದ ಧರ್ಣಪ್ಪ. "ಪಾಯಿಂಟ್ ಸರಿಸ್ತಾನಂತೆ."

ಅವಳು ಸಮಾಧಾನಗೊಂಡು ಅಕ್ಕಿ ತೊಳೆಯಲು ಹೋದಳು. ಗಂಡ ಎಷ್ಟೇ ಉರಿದರೂ ನೀರಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ ಎಂದು ಅವಳ ನಂಬಿಕೆ.

ಮರುದಿನ ಲಾರಿ ಬಂತು. ಧರ್ಣಪ್ಪ ಮನೆಯಲ್ಲಿ ಕೂರಲಾರದೆ ಹೋಗಿ ಜನರ ನಡುವೆ ನಿಂತ. ಯಂತ್ರದ ಆರ್ಭಟ, ಕೆಂಪು ಧೂಳು. ಮೊದಲ ರಾಡ್ ಇಳಿಯಿತು. ಈಗ ಹೇಳಬೇಕು ಎಂದುಕೊಂಡ. ಎರಡನೆಯದು ಇಳಿಯಿತು. ಅವನು ಒಂದು ಹೆಜ್ಜೆ ಮುಂದಿಟ್ಟದ್ದೂ ಹೌದು. ಅದನ್ನು ಕಂಡ ಚಿನ್ನಯ್ಯ ಓಡಿಬಂದು, ಮಾಸ್ಟ್ರಿಗೆಂದು ತರಿಸಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅವನಿಗೆ ಹಾಕಿದ.

"ಕೂತುಕೊಳ್ಳಿ ಧರ್ಣಪ್ಪಣ್ಣ. ಮಾಸ್ಟ್ರೇ, ನನಗೆ ನೆಲ ನೋಡಲು ಕಲಿಸಿದ್ದು ಇವರು. ಇವರು ಇಲ್ಲದಿದ್ದರೆ ನಾನು ಎಲ್ಲಿಯ ಚಿನ್ನಯ್ಯ!"

ಇಂಗಿತವಿಲ್ಲದ ಮಾತು ಅದು, ತುಂಬು ಮನಸ್ಸಿನದು. ಧರ್ಣಪ್ಪನಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಗೆದ್ದವನಿಗೆ ದೊಡ್ಡ ಮನಸ್ಸು ತೋರಿಸುವುದೂ ಸುಲಭ! ಸೋತವನು ಅದನ್ನೂ ಕೂತು ಕೇಳಬೇಕು. ಅವನು ಕುರ್ಚಿಯಲ್ಲಿ ಕೂತ. ಮೂರನೆಯ ರಾಡ್ ಇಳಿಯಿತು.

ನಾಲ್ಕನೆಯದು ಅರ್ಧ ಹೋದಾಗ ರಾಡ್ ಇದ್ದಕ್ಕಿದ್ದಂತೆ ಕುಸಿಯಿತು, ಯಂತ್ರದ ದನಿ ಬದಲಾಯಿತು. ಮೇಲೆ ಬರುತ್ತಿದ್ದ ಧೂಳು ನಿಂತೇ ಹೋಯಿತು. ಎಲ್ಲರೂ ಮುಖ ಮುಖ ನೋಡುತ್ತಿರುವಾಗ ಕೆಳಗಿನಿಂದ ಒಂದು ಕೂಗು ಕೇಳಿಸಿತು.

ಜೈನಬಮ್ಮ ಮಧ್ಯಾಹ್ನದ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಸುರಂಗದ ಬಾಯಿಗೆ ಹೋಗಿದ್ದರಂತೆ. ಒಳಗಿನಿಂದ ಮೊದಲು ಬಾವಲಿಗಳು ಹಿಂಡಾಗಿ ಹಾರಿಬಂದವು, ಅವುಗಳ ಹಿಂದೆಯೇ ಭರ್ರೆಂದು ಗಾಳಿ ಮತ್ತು ಬಿಳಿ ಧೂಳು. ಜನ ಇಳಿದು ಹೋಗಿ ನೋಡಿದಾಗ ಆ ಮುದುಕಿ ತಲೆಯಿಂದ ಕಾಲಿನವರೆಗೆ ಶೇಡಿಮಣ್ಣಿನಲ್ಲಿ ಬೆಳ್ಳಗಾಗಿ, ಕೈಯಲ್ಲಿ ನೀರಿನ ಕಿಂಡಿ ಚೆಂಬು ಹಿಡಿದುಕೊಂಡು ನಿಂತಿದ್ದರು. ಪೆಟ್ಟೇನೂ ಆಗಿರಲಿಲ್ಲ. ನೀರು ಹಾಲಿನ ಹಾಗೆ ಹರಿಯುತ್ತಿತ್ತು. ಸಂಜೆಗೆ ಅರ್ಧವಾಯಿತು. ಮೂರನೆಯ ದಿನ ಸುರಂಗದ ಬಾಯಿಯ ಕಲ್ಲು ಒಣಗಿತು. ಹನ್ನೊಂದು ಬೇಸಿಗೆ ಕಂಡರೂ ಒಣಗದ ಕಲ್ಲು.

ಒರತೆ ಬೋರಿನ ತೂತಿಗೆ ಇಳಿದಿತ್ತು. ಮಾಸ್ಟ್ರ ಬೋರಿನಲ್ಲಿ ನೀರು ಬಂದದ್ದೂ ನಿಜ. ಅವರು ನಾಚಿಕೆಯಿಂದ ಕುಗ್ಗಿ ಹೋಗಿ, ತಾವೇ ಪೈಪು ಎಳೆಸಿ ಜೈನಬಮ್ಮನವರ ಹಿತ್ತಿಲಿಗೆ ಒಂದು ನಲ್ಲಿ ಹಾಕಿಸಿಕೊಟ್ಟರು. "ಮನೆ ಬಾಗಿಲಿಗೆ ನಲ್ಲಿ ಬಂತಲ್ಲ, ಇನ್ನು ಎಂತ ಆಗಬೇಕು?" ಎಂದರು ಕೆಲವರು. ಕರೆಂಟು ಇದ್ದಾಗ ನೀರು ಬರುತ್ತಿತ್ತು. ಚಹಾಕ್ಕೆ ಹಾಕಿದರೆ ಆಳದ ನೀರಿನ ಕಬ್ಬಿಣಕ್ಕೆ ಚಹಾ ಕಪ್ಪಗಾಗುತ್ತಿತ್ತು.

ಚಿನ್ನಯ್ಯನ ಹೆಸರು ಕೆಟ್ಟಿತು. ಗೊತ್ತಿದ್ದೂ ಗೊತ್ತಿದ್ದೂ ಸುರಂಗದ ಮೇಲೆಯೇ ಪಾಯಿಂಟ್ ಹಾಕಿದ ಎಂದರು. ಬೆಳ್ತಂಗಡಿಯಿಂದ ಬರುತ್ತಿದ್ದ ಕರೆಗಳೂ ನಿಂತವು. ಅವನು ಯಾರ ಹತ್ತಿರವೂ ವಾದಿಸಲಿಲ್ಲ. ಧರ್ಣಪ್ಪನ ಹೆಸರು ಮೇಲೆ ಬಂತು. ಹೊಟ್ಟೆಕಿಚ್ಚು ಎಂದು ನಕ್ಕವರೇ, "ಅವ ಅಂದೇ ಹೇಳಿದ್ದ ಮಾರಾಯ, ನಾವು ಕೇಳಲಿಲ್ಲ" ಎಂದರು. ಪದ್ಮಾಕ್ಷಿ ಬೋರ್ ಹಾಕಿದ ದಿನ ಸಂಜೆ ಗಂಡನ ಮುಖವನ್ನು ಒಂದು ಸಲ ನೋಡಿದ್ದಳು, ಆಮೇಲೆ ಬೇಕಾದಷ್ಟೇ ಮಾತು.

ಜೂನ್ ಐದರ ಪರಿಸರ ದಿನಕ್ಕೆ ಅದೇ ಶಾಲೆಯ ಹಾಲಿನಲ್ಲಿ ಮಾಸ್ಟ್ರು ಎಲ್ಲರ ಮುಂದೆ ತಮ್ಮ ತಪ್ಪು ಒಪ್ಪಿಕೊಂಡು, "ಎಚ್ಚರಿಸಿದ ಹಿರಿಯರು" ಎಂದು ಧರ್ಣಪ್ಪನಿಗೆ ಶಾಲು ಹೊದೆಸಿದರು. ಹಿರಿಯರು! ಕೊನೆಗೂ ಒಂದು "ರು" ಸಿಕ್ಕಿತು. ಚಪ್ಪಾಳೆ ಬಿತ್ತು. ಜೈನಬಮ್ಮ ಮುಂದಿನ ಸಾಲಿನಲ್ಲಿ ಕೂತು, ಕಣ್ಣೊರೆಸಿಕೊಂಡು ತಟ್ಟುತ್ತಿದ್ದರು. ಹಿಂದೆ ಬಾಗಿಲ ಹತ್ತಿರ ಚಿನ್ನಯ್ಯನೂ ನಿಂತು ತಟ್ಟುತ್ತಿದ್ದ.

ಎರಡು ದಿನ ಬಿಟ್ಟು ಚಿನ್ನಯ್ಯ ಬಂದ. ನಡೆದುಕೊಂಡೇ ಬಂದಿದ್ದ. ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿ, ಜೈನಬಮ್ಮನವರ ಪುಟ ತೆಗೆದು ಧರ್ಣಪ್ಪನ ಮುಂದಿಟ್ಟ. ಪದ್ಮಾಕ್ಷಿ ಬಾಗಿಲಲ್ಲಿ ಬಂದು ನಿಂತಳು.

"ಇಲ್ಲಿ ಎಡಕ್ಕೆ ಅಂತ ಬರೆದಿದ್ದೇನೆ ಧರ್ಣಪ್ಪಣ್ಣ. ಅಂದು ಗದ್ದಲ ಇತ್ತು. ನನಗೇ ಕೇಳಿದ್ದು ತಪ್ಪಾಯಿತಾ?"

ಧರ್ಣಪ್ಪ ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳುವ ಬಾಗಿಲನ್ನು ಚಿನ್ನಯ್ಯನೇ ತೆರೆದುಕೊಟ್ಟಿದ್ದ. ಧರ್ಣಪ್ಪ ಬೀಡಿ ಕಟ್ಟಿಗೆ ಕೈ ಹಾಕಿದ. ಚಿನ್ನಯ್ಯ ಪುಸ್ತಕದ ಮೇಲೆ ಕೈಯಿಟ್ಟ.

"ನೀವು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ, ಅಡ್ಡಿಯಿಲ್ಲ. ನನಗೆ ಒಂದೇ ಹೇಳಿ. ಉಳಿದ ಪುಟಗಳು ಸರಿ ಉಂಟಾ? ನೀರಿರುವ ಸುರಂಗ ಇನ್ನೂ ಮೂವತ್ತಾರು ಉಂಟು. ನಾನು ಬಿಟ್ಟರೂ ಬೇರೆಯವರು ಬಂದು ಬೋರ್ ಹಾಕ್ತಾರೆ. ಅವರಿಗೆ ಕೊಡಲಿಕ್ಕೆ ಇರುವುದು ಇದೊಂದೇ ಲೆಕ್ಕ."

ಧರ್ಣಪ್ಪ ಹೆಂಡತಿಯ ಕಡೆ ನೋಡಿದ. ಅವಳು ನೋಟ ತೆಗೆಯಲಿಲ್ಲ. ಜೈನಬಮ್ಮನ ಸುರಂಗ ಒಂದೇ ಅಲ್ಲವಲ್ಲ. ಆಮೇಲಿನ ಮೂರು ವರ್ಷ, ಹೊಟ್ಟೆ ಉರಿದಾಗಲೆಲ್ಲ, ಅವನು ಬಾಯಿಗೆ ಬಂದ ದಿಕ್ಕು ಹೇಳಿದ್ದ.

"ಪೆನ್ನು ಉಂಟಾ?" ಎಂದ.

ಚಿನ್ನಯ್ಯ ಪೆನ್ನು ಕೊಟ್ಟ. ಧರ್ಣಪ್ಪ ಪುಟ ಮಗುಚಿದ. "ಇದು ಸರಿ. ಇದೂ ಸರಿ. ಇದು ಸುಳ್ಳು." ಅವನು ನೆನಪಿಗೆ ತಡಕಾಡಿದ ಕಡೆ ಪದ್ಮಾಕ್ಷಿ ಬಾಗಿಲಿನಿಂದಲೇ, "ಅಲ್ಲಿ ಎರಡು ತಿರುವು" ಎಂದೋ, "ಅದು ಬಲಕ್ಕೆ" ಎಂದೋ ಹೇಳಿದಳು. ಒಟ್ಟು ಐದು ಪುಟ ತಿದ್ದಿದ. ಅಷ್ಟು ಹೊತ್ತಿನಲ್ಲೂ ಚಿನ್ನಯ್ಯನ ಗೆರೆಗಳು ಎಷ್ಟು ನೇರ, ಅಕ್ಷರ ಎಷ್ಟು ದುಂಡಗೆ ಎಂದು ಕಂಡು ಅವನ ಹೊಟ್ಟೆ ಸಣ್ಣಗೆ ಉರಿಯುತ್ತಲೇ ಇತ್ತು. ಹೆಂಡತಿ ಚಹಾ ತಂದು ಸ್ಟೀಲಿನ ಲೋಟವನ್ನು ಚಿನ್ನಯ್ಯನ ಮುಂದಿಟ್ಟಳು. ಅದನ್ನೂ ಕಂಡ.

ಚಿನ್ನಯ್ಯ ಪುಸ್ತಕ ಮಡಚಿ ಎದ್ದು ನಿಂತು, "ಜೈನಬಮ್ಮನವರಿಗೆ ನಾನು ಹೇಳ್ಲಾ? ನಿಮಗೆ ಕಷ್ಟ ಆದೀತು," ಎಂದ.

"ಬೇಡ," ಎಂದ ಧರ್ಣಪ್ಪ ಥಟ್ಟನೆ. ಇವನು ಹೋಗಿ ಮೆತ್ತಗೆ ಹೇಳಿ, ಅಲ್ಲಿಯೂ ಒಳ್ಳೆಯವನಾಗಿ ಬರುವುದನ್ನು ನೆನೆದೇ ಅವನಿಗೆ ಸಹಿಸಲಾಗಲಿಲ್ಲ. "ಅದೊಂದನ್ನಾದರೂ ನನಗೆ ಬಿಡು."

ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಅವನು ಇಳಿದು ಹೋದ. ಜೈನಬಮ್ಮ ನಲ್ಲಿಯ ಹತ್ತಿರ ಕೊಡ ಇಟ್ಟು ಕರೆಂಟು ಕಾಯುತ್ತಿದ್ದರು. "ಬಾ ಧರ್ಣಪ್ಪ, ಕೂತುಕೋ" ಎಂದರು. ಅವನು ಕೂರಲಿಲ್ಲ. ನಿಂತೇ ಹೇಳಿದ. ಅಂದು ಎಡ ಎಂದದ್ದು, ಗೂಟ ಹೊಡೆಯುವಾಗ ಸುಮ್ಮನಿದ್ದದ್ದು, ಕುರ್ಚಿಯಲ್ಲಿ ಕೂತು ರಾಡ್ ಎಣಿಸಿದ್ದು, ಏನೂ ಬಿಡದೆ ಹೇಳಿದ. ಶಾಲನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟ.

ಜೈನಬಮ್ಮ ಬೈಯಲಿಲ್ಲ. ಒಣಗಿದ ಸುರಂಗದ ಬಾಯಿಯ ಕಡೆ ನೋಡಿದರು.

"ಮೊನ್ನೆ ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನು, ಮಾರಾಯ," ಎಂದರು. ಆಮೇಲೆ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದರು.